ಸೋತ ಕಮಾನೂ ಗಾಜಿನ ನಾರೂ

ಕಳೆದ ವರ್ಷ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರಲೆಂದು ನಾವಿಬ್ಬರೂ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿದ್ದೆವು. ಹೋದ ಎರಡನೆಯ ವಾರವೇ ನನ್ನ ಹಳೆಯ ಶಿಷ್ಯನೊಬ್ಬ ವಿಳಾಸ ಹುಡುಕಿಕೊಂಡು ಬಂದ. ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಗಡಿಯಾರಗಳನ್ನು ಬಿಚ್ಚುತ್ತಿದ್ದವನು. ಈಗ ಐವತ್ತು ದಾಟಿದ್ದಾನೆ, ತಲೆ ನರೆತಿದೆ. ಕಾಲಿಗೆ ನಮಸ್ಕರಿಸಿ ಎದ್ದವನೇ, “ಮೇಷ್ಟ್ರೇ, ನೀವು ಹುಕ್‌ನ ನಿಯಮ ಪಾಠ ಮಾಡಿದ್ದಿರಲ್ಲ, ಅದು ನಮ್ಮ ಗ್ಯಾರೇಜಿನಲ್ಲಿ ಸೋತು ಕೂತಿದೆ. ಒಂದು ಸಲ ಬಂದು ನೋಡಬೇಕು” ಎಂದ.

ಅವನ ಗ್ಯಾರೇಜಿನಲ್ಲಿದ್ದುದು 1972ರ ಕಾರ್ವೆಟ್ ಕಾರು. ಮೂತಿ ನೀಳ, ನಡು ಸಣ್ಣ, ಇಬ್ಬರಿಗೆ ಮಾತ್ರ ಜಾಗ. ನಮ್ಮಂಥವರು ಒಳಗೆ ಇಳಿಯುವುದೂ ಕಷ್ಟ, ಏಳುವುದು ಇನ್ನೂ ಕಷ್ಟ. ಹಿಂದೆ ನಿಂತು ನೋಡಿದರೆ ಎಡಭಾಗ ಎರಡು ಬೆರಳಿನಷ್ಟು ಕೆಳಗೆ ವಾಲಿತ್ತು. ಅಡಿಯಲ್ಲಿರುವ ಉಕ್ಕಿನ ಪಟ್ಟಿಗಳ ಕಮಾನು ಐವತ್ತು ವರ್ಷ ಭಾರ ಹೊತ್ತು ದಣಿದಿತ್ತು. ಅದನ್ನು ತೆಗೆದು ಗಾಜಿನ ನಾರಿನಿಂದ ಮಾಡಿದ ಹೊಸ ಕಮಾನನ್ನು ಹಾಕಬೇಕೆಂದು ಅವನು ತರಿಸಿಟ್ಟಿದ್ದ. ಪೆಟ್ಟಿಗೆ ಬಂದು ನಾಲ್ಕು ತಿಂಗಳಾಗಿದ್ದರೂ ಒಡೆದಿರಲಿಲ್ಲ.

ಕಾರಣವಿತ್ತು. ಆ ಕಾರನ್ನು ಅವನು ಕೊಂಡದ್ದು ನೆರೆಮನೆಯ ಮುದುಕಿಯೊಬ್ಬರಿಂದ. ಆಕೆಯ ಪತಿ ಇದೇ ಊರಿನ ಕಾರ್ವೆಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1954ರಿಂದ 1981ರವರೆಗೆ ಈ ಕಾರು ಸೇಂಟ್ ಲೂಯಿಸಿನಲ್ಲಿಯೇ ತಯಾರಾಗುತ್ತಿತ್ತು. 1981ರಲ್ಲಿ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ಗೆ ಹೋಯಿತು. ತಾವೇ ಕೆಲಸ ಮಾಡಿದ ಸಾಲಿನಿಂದ ಹೊರಬಂದ ಕಾರೊಂದನ್ನು ಅವರು ಕೊಂಡು ಕೊನೆಯವರೆಗೂ ಇಟ್ಟುಕೊಂಡಿದ್ದರು. “ಅವರು ಬಿಟ್ಟು ಹೋದ ಹಾಗೆಯೇ ಇಟ್ಟುಕೊಳ್ಳುವೆಯಾದರೆ ಕೊಡುತ್ತೇನೆ” ಎಂದು ಆಕೆ ಹೇಳಿದ್ದರಂತೆ. ಇವನು ಆಗಲಿ ಎಂದಿದ್ದ. ಈಗ ಅವನ ಸಂಕಟವೇನೆಂದರೆ, ಕಮಾನು ಬದಲಿಸಿದರೆ ಮಾತು ಮುರಿದಂತೆ. ಬದಲಿಸದಿದ್ದರೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ.

ಅವನಿಗೆ ಆ ದಿನ ನಾನು ಹೇಳಿದ ಮಾತುಗಳಿಗೆ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಉಳಿದ ಶಿಷ್ಯರೂ ಕೇಳಲಿ; ಪಾಠ ಮಾಡುವ ಚಟ ನಿವೃತ್ತಿಯಾದರೂ ಬಿಡುವುದಿಲ್ಲ.

ಕಮಾನು ಎಂಬುದು ಪಾರಸಿ ಭಾಷೆಯಿಂದ ನಮಗೆ ಬಂದ ಮಾತು. ಮೂಲದಲ್ಲಿ ಅದರ ಅರ್ಥ ಬಿಲ್ಲು. ಕನ್ನಡದಲ್ಲಿ ಬಾಗಿಲ ಮೇಲಿನ ಬಾಗಿಗೂ ಅದೇ ಹೆಸರು, ಗಡಿಯಾರದೊಳಗಿನ ಸ್ಪ್ರಿಂಗಿಗೂ ಅದೇ ಹೆಸರು, ಜಟಕಾದ ಅಡಿಯ ಉಕ್ಕಿನ ಪಟ್ಟಿಗಳಿಗೂ ಅದೇ. ಈ ಮೂರರಲ್ಲಿ ಬಿಲ್ಲಿಗೆ ನಿಜವಾದ ನೆಂಟು ಕೊನೆಯದು. ಬಿಲ್ಲನ್ನು ಬಗ್ಗಿಸಿದಾಗ ನಮ್ಮ ತೋಳಿನ ಶ್ರಮ ಅದರಲ್ಲಿ ಅಡಗಿ ಕುಳಿತುಕೊಳ್ಳುತ್ತದೆ, ಬಿಟ್ಟೊಡನೆ ಹೊರಬರುತ್ತದೆ. ಗಾಡಿಯ ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಕಮಾನು ಮಾಡುವುದೂ ಇಷ್ಟೇ: ಪೆಟ್ಟನ್ನು ತಾನು ನುಂಗಿ, ಕುಳಿತವರಿಗೆ ನಿಧಾನವಾಗಿ ಹಂಚಿಕೊಡುತ್ತದೆ.

ಗಾಡಿಗೆ ಉಕ್ಕಿನ ಕಮಾನು ಬೇಕೆಂಬ ಯೋಚನೆ ಹಳೆಯದು. 1665ರಲ್ಲಿ ಲಂಡನ್ನಿನಲ್ಲಿ ಕರ್ನಲ್ ಬ್ಲೌಂಟ್ ಎಂಬಾತ ಸ್ಪ್ರಿಂಗ್ ಜೋಡಿಸಿದ ಗಾಡಿಗಳನ್ನು ಓಡಿಸಿ ಪರೀಕ್ಷಿಸಿದ್ದನ್ನು ಸ್ಯಾಮ್ಯುಯೆಲ್ ಪೆಪಿಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಕಾಲದ ಲಂಡನ್ನಿನಲ್ಲಿಯೇ ಇದ್ದ ರಾಬರ್ಟ್ ಹುಕ್, ಸ್ಪ್ರಿಂಗ್ ಎಷ್ಟು ಬಾಗುತ್ತದೋ ಅದರ ಪ್ರತಿಬಲವೂ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬ ನಿಯಮವನ್ನು 1678ರಲ್ಲಿ ಪ್ರಕಟಿಸಿದ. ಆದರೆ ನಿಯಮ ಗೊತ್ತಾದರೆ ಸಾಲದು, ಒಳ್ಳೆಯ ಉಕ್ಕು ಬೇಕಲ್ಲ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು, ತನ್ನ ಗಡಿಯಾರದ ಸ್ಪ್ರಿಂಗುಗಳಿಗೆ ಹದವಾದ ಉಕ್ಕು ಸಿಗದೆ ಬೇಸತ್ತು, ಶೆಫೀಲ್ಡ್ ಬಳಿ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಸಾಧಿಸಿದ. ದಕ್ಷಿಣ ಭಾರತದ ಕಮ್ಮಾರರು ಮೂಸೆಯ ಉಕ್ಕನ್ನು ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಮಾಡುತ್ತಿದ್ದರು. ಯುರೋಪಿನವರು ಅದನ್ನು ಕರೆದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

1804ರಲ್ಲಿ ಲಂಡನ್ನಿನ ಒಬದಾಯ ಎಲಿಯಟ್ ಎಂಬ ಗಾಡಿ ಕಟ್ಟುವವನು ಬಾಗಿದ ಪಟ್ಟಿಗಳನ್ನು ಎದುರುಬದುರಾಗಿ ಜೋಡಿಸಿ, ಗಾಡಿಯ ಮೈಯನ್ನು ನೇರವಾಗಿ ಅಚ್ಚಿನ ಮೇಲೆ ಕೂರಿಸುವ ಕ್ರಮ ತಂದ. ಅಲ್ಲಿಯವರೆಗೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಇರಲೇಬೇಕಾಗಿದ್ದ ಭಾರಿ ಮರದ ತೊಲೆ ಬೇಡವಾಯಿತು. ಗಾಡಿ ಹಗುರಾಯಿತು, ತಗ್ಗಾಯಿತು. ಮೋಟಾರು ಬಂದಾಗ ಅದೇ ಕಮಾನು ಕುದುರೆಯನ್ನು ಬಿಟ್ಟು ಎಂಜಿನ್ನಿನ ಜೊತೆ ಹೊರಟಿತು. 1908ರ ಫೋರ್ಡ್ ಮಾಡೆಲ್ ಟಿ ಕಾರಿಗೆ ಮುಂದೊಂದು ಹಿಂದೊಂದು ಕಮಾನು, ಎರಡೂ ಅಡ್ಡಲಾಗಿ. ನಮ್ಮ ಅಂಬಾಸಿಡರ್ ಕಾರಿಗೂ ಹಿಂದಿನ ಅಚ್ಚಿನ ಮೇಲೆ ಇಂಥ ಕಮಾನುಗಳೇ ಇದ್ದವು. ಉದ್ದಕ್ಕೆ, ಎರಡು ಬದಿಗೆ ಎರಡು. 

ಒಂದೇ ದಪ್ಪ ಪಟ್ಟಿಯ ಬದಲು ಏಕೆ ಹಲವು ತೆಳು ಪಟ್ಟಿಗಳು? ದಪ್ಪ ಪಟ್ಟಿಯನ್ನು ಬಗ್ಗಿಸಿದರೆ ಅದರ ಮೇಲುಪದರ ಬಹಳ ಹಿಗ್ಗಬೇಕು, ಕೆಳಪದರ ಬಹಳ ಕುಗ್ಗಬೇಕು, ಬೇಗ ಬಿರಿಯುತ್ತದೆ. ತೆಳು ಪಟ್ಟಿ ಅಷ್ಟು ಕಷ್ಟಪಡದೆ ಬಾಗುತ್ತದೆ, ಆದರೆ ಒಂದೇ ಪಟ್ಟಿಗೆ ಭಾರ ಹೊರುವ ಶಕ್ತಿ ಸಾಲದು. ಆದ್ದರಿಂದ ಅವನ್ನು ಒಂದರ ಮೇಲೊಂದು ಹೇರಿ ಕಟ್ಟುತ್ತಾರೆ. ಒತ್ತಡ ನಡುವಿನಲ್ಲಿಯೇ ಹೆಚ್ಚಾದ್ದರಿಂದ ಎಲ್ಲ ಪಟ್ಟಿಗಳೂ ತುದಿಯವರೆಗೆ ಹೋಗಬೇಕಾಗಿಲ್ಲ. ಒಂದಕ್ಕಿಂತ ಒಂದು ಗಿಡ್ಡ. ಕಮಾನು ಬಾಗುವಾಗ ಪಟ್ಟಿಗಳು ಒಂದರ ಮೇಲೊಂದು ಜಾರಿ ಉಜ್ಜಿಕೊಳ್ಳುತ್ತವೆ. ಆ ಉಜ್ಜಾಟ ಕುಣಿತವನ್ನು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಪಟ್ಟಿಗಳ ಸಂದಿನಲ್ಲಿ ನೀರು, ಮಣ್ಣು, ಆಮೇಲೆ ತುಕ್ಕು; ಕಿರ್ರೆನ್ನುವ ಸದ್ದು ಬೇರೆ. ಜಟಕಾದಲ್ಲಿ ಕುಳಿತವರಿಗೆ ಆ ಸದ್ದನ್ನು ನಾನು ವರ್ಣಿಸಬೇಕಾಗಿಲ್ಲ.

ಇನ್ನು ಸೋಲುವುದು. ಉಕ್ಕು ಒಂದು ಮಿತಿಯೊಳಗೆ ಬಾಗಿದರೆ ಮೊದಲಿನಂತಾಗುತ್ತದೆ. ಮಿತಿಯ ಅಂಚಿನಲ್ಲಿ ಲಕ್ಷಗಟ್ಟಲೆ ಸಲ ಬಾಗಿಸಿ, ನಡುವೆ ದಶಕಗಳ ಕಾಲ ಭಾರವನ್ನು ಹೇರಿಯೇ ಇಟ್ಟರೆ, ಪ್ರತಿ ಸಲವೂ ಕೂದಲೆಳೆಯಷ್ಟು ಕಡಿಮೆ ಹಿಂದಿರುಗುತ್ತ, ಕೊನೆಗೆ ಬಾಗು ಮಾಯವಾಗುತ್ತದೆ. ನಮ್ಮ ಸೋದರಮಾವನ ಕಾರಿಗೆ ಹೀಗಾದಾಗ, ತಪ್ಪು ಕಾರಿನದಲ್ಲ, ಅದರಲ್ಲಿ ಅಡಿಕೆ ಮೂಟೆ ಹೇರುತ್ತಿದ್ದ ಮಾವನದು, ಕಮ್ಮಾರನೊಬ್ಬ ಪಟ್ಟಿಗಳನ್ನು ಬಿಚ್ಚಿ, ಕಾಯಿಸಿ, ಬಡಿದು ಬಾಗು ಕೊಟ್ಟು, ಮತ್ತೆ ಹದ ಹಾಕಿ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿಕೊಟ್ಟ. ಕಾರು ನೆಟ್ಟಗಾಯಿತು. ಮಾವ ಅದರಲ್ಲಿ ನಮ್ಮನ್ನು ಮದುವೆಗೆ ಕರೆದೊಯ್ದಾಗ ಪ್ರತಿ ಹಳ್ಳಕ್ಕೂ ತಲೆ ಮೇಲಿನ ತಗಡಿಗೆ ತಾಗುತ್ತಿತ್ತು.

ಈಗ ಕಾರ್ವೆಟ್ಟಿಗೆ ಬರೋಣ. 1953ರಲ್ಲಿ ಮೊದಲ ವರ್ಷ ಮಿಶಿಗನ್ನಿನ ಫ್ಲಿಂಟ್ ಊರಿನಲ್ಲಿ ಕೇವಲ 300 ಕಾರುಗಳು ತಯಾರಾದವು. ಅದರ ಮೈ ತಗಡಿನದಲ್ಲ. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಎರಕ ಹೊಯ್ದದ್ದು. ಆಗ ಅದೇ ಒಂದು ವಿಸ್ಮಯ. ಅಡಿಯ ಕಮಾನು ಮಾತ್ರ ಹಳೆಯ ಉಕ್ಕಿನದೇ. 1963ರ ಮಾದರಿಯಲ್ಲಿ ಜೋರಾ ಆರ್ಕಸ್ ಡಂಟೋವ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಹಿಂದಿನ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏಳುವಂತೆ ಮಾಡಿ, ಒಂದೇ ಕಮಾನನ್ನು ಅಡ್ಡಲಾಗಿ ಇಟ್ಟರು. ಅದರ ನಡು ಡಿಫರೆನ್ಶಿಯಲ್‌ಗೆ ಬಿಗಿದಿರುತ್ತದೆ, ತುದಿಗಳು ಉದ್ದನೆಯ ಬೋಲ್ಟುಗಳ ಮೂಲಕ ಎರಡೂ ಚಕ್ರಗಳ ತೋಳುಗಳನ್ನು ಹಿಡಿದಿರುತ್ತವೆ. ಸಾಮಾನ್ಯ ಕಾರಿಗೆ ಒಂಬತ್ತು ಪಟ್ಟಿ. ನನ್ನ ಶಿಷ್ಯನ ಕಾರಿನಲ್ಲಿದ್ದುದೂ ಅದೇ.

ಮೈಯಲ್ಲಿ ಮೊದಲ ದಿನದಿಂದಲೂ ಇದ್ದ ಗಾಜಿನ ನಾರು ಅಡಿಯ ಕಮಾನಿಗೆ ಇಳಿಯಲು 28 ವರ್ಷ ಹಿಡಿಯಿತು. 1981ರಲ್ಲಿ ಆಟೊಮ್ಯಾಟಿಕ್ ಗೇರಿನ ಸಾಮಾನ್ಯ ಕಾರ್ವೆಟ್‌ಗಳಿಗೆ ಒಂಬತ್ತು ಪಟ್ಟಿಗಳ ಬದಲು ಗಾಜಿನ ನಾರಿನ ಒಂದೇ ಒಂದು ಪಟ್ಟಿ ಬಂತು. ಉಕ್ಕಿನದು 40 ಪೌಂಡಿಗೂ ಹೆಚ್ಚು ತೂಗುತ್ತಿದ್ದರೆ ಇದು ಸುಮಾರು 8 ಪೌಂಡು. 1984ರ ಮಾದರಿಯಲ್ಲಿ ಮುಂದಕ್ಕೂ ಹಿಂದಕ್ಕೂ ಇದೇ ಆಯಿತು, 2019ರವರೆಗೆ ನಡೆಯಿತು. 2020ರ ಮಾದರಿಯಲ್ಲಿ ಎಂಜಿನ್ ಸೀಟಿನ ಹಿಂದಕ್ಕೆ ಹೋದಾಗ ಸುರುಳಿ ಸ್ಪ್ರಿಂಗುಗಳು ಬಂದವು.

ಗಾಜು ಒಡೆಯುವ ವಸ್ತು, ಅದರಿಂದ ಕಮಾನು ಹೇಗೆ ಎಂದು ನನ್ನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಗಾಜಿನ ಹಲಗೆ ಒಡೆಯುವುದು ಅದರ ಮೈಮೇಲಿನ ಸಣ್ಣ ಬಿರುಕುಗಳಿಂದ. ಕೂದಲಿಗಿಂತ ತೆಳುವಾಗಿ ಎಳೆದಾಗ ಅಂಥ ಬಿರುಕಿಗೆ ಎಡೆಯೇ ಕಡಿಮೆ. ಅಂಥ ಅಸಂಖ್ಯ ನಾರುಗಳನ್ನು ಉದ್ದಕ್ಕೆ ಓರಣವಾಗಿ ಮಲಗಿಸಿ ಎಪಾಕ್ಸಿ ಅಂಟಿನಲ್ಲಿ ಬಂಧಿಸಿದರೆ, ಒಂದೆರಡು ಹರಿದರೂ ಪಕ್ಕದವು ಭಾರ ಹೊರುತ್ತವೆ. ಇಂಥ ಪಟ್ಟಿ ಉಕ್ಕಿಗಿಂತ ಸುಮಾರು ಐದು ಪಟ್ಟು ಸುಲಭವಾಗಿ ಹಿಗ್ಗುತ್ತದೆ, ತೂಕ ಸುಮಾರು ಕಾಲು ಭಾಗ. ಬೇರೆ ಕಡೆ ದೋಷವೆನಿಸುವ ಈ ಹಿಗ್ಗುವಿಕೆಯೇ ಕಮಾನಿಗೆ ಗುಣ: ಬಿರಿಯದೆ ಹೆಚ್ಚು ಬಾಗಬಲ್ಲದ್ದರಿಂದ, ಒಂದೇ ದಪ್ಪ ಪಟ್ಟಿ ಸಾಕು. ಮಧ್ಯ ಏಷ್ಯದ ಸವಾರರು ಕೊಂಬು, ಮರ, ಸ್ನಾಯುಗಳನ್ನು ಅಂಟಿಸಿ ಬಿಲ್ಲು ಮಾಡುತ್ತಿದ್ದರಲ್ಲ, ಅದೇ ಜಾತಿಯ ಉಪಾಯ.

ಇದಕ್ಕೂ ಕುಂದುಗಳಿವೆ. ಹೊಗೆಕೊಳವೆಯ ಕಾವು ತಗುಲಬಾರದು, ಅಂಚಿಗೆ ಗೀರು ಬೀಳಬಾರದು. ಪಟ್ಟಿಗಳ ಉಜ್ಜಾಟ ಇಲ್ಲದ್ದರಿಂದ ಕುಣಿತ ತಡೆಯುವ ಕೆಲಸವೆಲ್ಲ ಶಾಕ್ ಅಬ್ಸಾರ್ಬರುಗಳ ಮೇಲೆಯೇ ಬೀಳುತ್ತದೆ, ಅವು ಹಳೆಯವಾಗಿದ್ದರೆ ಬದಲಿಸಬೇಕು. ಅಮೆರಿಕದಲ್ಲಿ 1974ರಿಂದ ಕಾರ್ವೆಟ್ ಜೀರ್ಣೋದ್ಧಾರಕರ ಸಂಘವೊಂದಿದೆ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಇದೆಯೇ ಎಂದು ನೋಡಿ ಅಂಕ ಕೊಡುತ್ತಾರೆ. 1972ರ ಕಾರಿಗೆ 1981ರ ಬುದ್ಧಿ ಹಾಕಿದರೆ ಅಂಕ ಹೋಗುತ್ತದೆ. ಶಿಷ್ಯನಿಗೆ ಅಂಕದ ಚಿಂತೆ ಇರಲಿಲ್ಲ. ನನ್ನ ತರಗತಿಯಲ್ಲಿಯೂ ಇರಲಿಲ್ಲ.

ನಾನು ಹೇಳಿದ್ದು ಇಷ್ಟು: ಆ ಮನುಷ್ಯ ಬಿಟ್ಟು ಹೋದದ್ದು ನೆಟ್ಟಗೆ ನಿಂತ ಕಾರು, ವಾಲಿದ ಕಾರಲ್ಲ. ಟೈರುಗಳನ್ನು ಬದಲಿಸಿದಾಗ ಮಾತು ಮುರಿಯಿತೆಂದು ನಿನಗೆ ಅನಿಸಲಿಲ್ಲ. ಉಕ್ಕಿನ ಕಮಾನನ್ನು ಮಾರಬೇಡ, ಗುಜರಿಗೂ ಹಾಕಬೇಡ. ಮುಂದೆ ಬರುವವನಿಗೆ ಬೇಕೆನಿಸಿದರೆ ಮತ್ತೆ ಹಾಕುವಂತಿರಲಿ. ಒಂದು ರಂಧ್ರವನ್ನೂ ಹೊಸದಾಗಿ ಕೊರೆಯಬೇಡ. ಎಲ್ಲಕ್ಕಿಂತ ಮೊದಲು ಹೋಗಿ ಆಕೆಯನ್ನು ಕೇಳು. ನಾಲ್ಕು ತಿಂಗಳಿಂದ ಅವನು ಮಾಡದಿದ್ದುದು ಆ ಕೊನೆಯದೊಂದನ್ನೇ.

ಕೇಳಿದ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಓಡುವುದಾದರೆ ಮಾಡು” ಎಂದರಂತೆ.

ಮರುವಾರ ಕೆಲಸ ನಡೆಯಿತು. ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ. ಕಾರನ್ನು ಜಾಕಿನಿಂದ ಎತ್ತಿ, ಚಾಸಿಗೆ ಗಟ್ಟಿ ಊರೆಗಳನ್ನು ಕೊಟ್ಟು, ಕಮಾನಿನ ತುದಿಯನ್ನು ಇನ್ನೊಂದು ಜಾಕಿನಿಂದ ಮೇಲೊತ್ತಿ ಹಿಡಿದು, ಆಮೇಲೆಯೇ ತುದಿಯ ನಟ್ಟನ್ನು ಬಿಚ್ಚಿದ. ಅವಸರ ಮಾಡಿದರೆ ಬಾಗಿದ ಕಮಾನು ಕೈಯನ್ನೇ ಮುರಿದೀತು; ಅಡಗಿದ ಶಕ್ತಿ ಸೋತ ಕಮಾನಿನಲ್ಲಿಯೂ ಉಳಿದಿರುತ್ತದೆ. ಇಳಿಸಿದ ಉಕ್ಕಿನ ಕಟ್ಟನ್ನು ಅವನೂ ಅವನ ಮಗನೂ ಸೇರಿ ಹೊತ್ತರು. ಹೊಸದನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟ. ಎಪ್ಪತ್ತೆಂಟರ ನಾನು ಒಂದೇ ಕೈಯಲ್ಲಿ ಹಿಡಿದೆ.

ಹಳೆಯ ಕಮಾನಿಗೆ ಎಣ್ಣೆ ಸವರಿ, ಕಾರಿನ ವರ್ಷವನ್ನೂ ತೆಗೆದ ದಿನಾಂಕವನ್ನೂ ಬರೆದ ಚೀಟಿ ಕಟ್ಟಿ, ಗ್ಯಾರೇಜಿನ ಗೋಡೆಗೆ ಎರಡು ಗೂಟ ಹೊಡೆದು ಮಲಗಿಸಿದ್ದಾನೆ. ಭಾನುವಾರ ಆ ಮುದುಕಿಯನ್ನು ಕೂರಿಸಿಕೊಂಡು ಅವರ ಪತಿ ಕೆಲಸ ಮಾಡುತ್ತಿದ್ದ ಕಾರ್ಖಾನೆಯಿದ್ದ ರಸ್ತೆಯವರೆಗೂ ಹೋಗಿಬಂದ. ನಾವು ಅವನ ಮನೆಯ ಮೆಟ್ಟಿಲ ಮೇಲೆ ಕಾದಿದ್ದೆವು. ಕಾರು ನೆಟ್ಟಗೆ ಬಂದು ನಿಂತಿತು. ಆಕೆ ಅವನ ಕೈ ಹಿಡಿದು ಇಳಿದವರು, ಕಾರಿನ ಹಿಂಭಾಗದ ಮೇಲೆ ಅಂಗೈ ಇಟ್ಟು ಎರಡು ಸಲ ಒತ್ತಿ, ಕಿವಿಗೊಟ್ಟು ನಿಂತರು.

“ಇಲ್ಲೊಂದು ಸದ್ದು ಬರುತ್ತಿತ್ತು. ಅವರು ಮನೆಗೆ ಬಂದರೆಂದು ನನಗೆ ಅದರಿಂದಲೇ ತಿಳಿಯುತ್ತಿತ್ತು” ಎಂದರು.

ಶಿಷ್ಯ ನನ್ನ ಮುಖ ನೋಡಿದ. ಆಮೇಲೆ ಗ್ಯಾರೇಜಿನ ದೀಪ ಹಾಕಿ, ಆಕೆಯನ್ನು ಗೋಡೆಯ ಬಳಿಗೆ ಕರೆದುಕೊಂಡು ಹೋದ.