ಎಂಜಲಿನ ಪರೀಕ್ಷೆ

2020ರ ಜೂನ್ 22ರಂದು ಮುಂಬಯಿ ಮಹಾನಗರ ಪಾಲಿಕೆ ‘ಮಿಷನ್ ಝೀರೋ’ ಎಂಬ ಹೆಸರಿನಲ್ಲಿ 50 ಸಂಚಾರಿ ದವಾಖಾನೆಗಳನ್ನು ಉತ್ತರದ ಉಪನಗರಗಳತ್ತ ಕಳುಹಿಸಿತು. ಧಾರಾವಿ, ವರ್ಲಿಗಳಲ್ಲಿ ಕೊರೋನಾ ಹಿಡಿತಕ್ಕೆ ಬರುತ್ತಿದ್ದ ಹೊತ್ತಿಗೆ ಮಲಾಡ್, ಕಾಂದಿವಲಿ, ದಹಿಸರ್, ಭಾಂಡುಪ್ ಕಡೆಗಳಲ್ಲಿ ಏರತೊಡಗಿತ್ತು. ಮಲಾಡ್ ಪೂರ್ವದ ಕುರಾರ್, ಅಪ್ಪಾಪಾಡಾಗಳು ರಾಷ್ಟ್ರೀಯ ಉದ್ಯಾನದ ಗುಡ್ಡಕ್ಕೆ ಆತುಕೊಂಡ ಬಸ್ತಿಗಳು. ಒಂದೇ ಖೋಲಿಯಲ್ಲಿ ಐದಾರು ಜನ, ಹೊರಗೆ ಸಾರ್ವಜನಿಕ ಶೌಚಾಲಯ. ಇಂಥಲ್ಲಿ ಯಾರಿಗೆ ಸೋಂಕಿದೆ, ಯಾರಿಗಿಲ್ಲ ಎಂದು ಬೇಗ ತಿಳಿಯುವುದೇ ಅರ್ಧ ಚಿಕಿತ್ಸೆ.

ತಿಳಿಯುವ ದಾರಿ ಮಾತ್ರ ಇಕ್ಕಟ್ಟಿನದು. ಉದ್ದದ ನೈಲಾನ್ ಕಡ್ಡಿಯನ್ನು ಮೂಗಿನೊಳಗೆ, ಗಂಟಲಿನ ಹಿಂಭಾಗದವರೆಗೂ ತೂರಿಸಬೇಕು. ಅದಕ್ಕೆ ಕೈ ಪಳಗಿದವರು ಬೇಕು. ಆ ಕೈಗೆ ಗ್ಲೌಸು, ಮೈಗೆ ಪಿಪಿಇ ಕಿಟ್ಟು ಬೇಕು. ಕಡ್ಡಿ ಮೂಗಿನೊಳಗೆ ಹೋದಾಗ ರೋಗಿ ಸೀನುತ್ತಾನೆ, ಕೆಮ್ಮುತ್ತಾನೆ. ಎದುರಿಗಿರುವುದು ತೆಗೆಯುವವರ ಮುಖ. ಅದೇ ಜೂನ್ 13ರಂದು ಮಹಾರಾಷ್ಟ್ರ ಸರ್ಕಾರ ಖಾಸಗಿ ಪರೀಕ್ಷೆಯ ದರವನ್ನು 4,500 ರೂಪಾಯಿಯಿಂದ 2,200ಕ್ಕೆ ಇಳಿಸಿತ್ತು. ಮನೆಗೇ ಬಂದು ಮಾದರಿ ತೆಗೆದರೆ 2,800. ದಿನಗೂಲಿಯವರಿಗೆ ಇಳಿದ ದರವೂ ದೂರವೇ.

ಕನ್ನಡ ಪತ್ರಿಕೆಗಳು ಆಗ ಈ ಮಾದರಿಯನ್ನು ‘ಗಂಟಲು ದ್ರವ’ ಎಂದು ಬರೆಯುತ್ತಿದ್ದವು. ಓದಿದವರು ಎಂಜಲನ್ನೇ ಒಯ್ಯುತ್ತಾರೆ ಎಂದುಕೊಂಡರೆ ತಪ್ಪೇನಿಲ್ಲ. ವಿಚಿತ್ರವೆಂದರೆ, ಆ ಪದ ಸೂಚಿಸುವ ಪರೀಕ್ಷೆಯೂ ಸಾಧ್ಯವಿತ್ತು, ಅದಕ್ಕೆ ಹಳೆಯ ಚರಿತ್ರೆಯೂ ಇತ್ತು.

1918ರ ಜೂನ್‌ನಲ್ಲಿ ಇನ್‌ಫ್ಲುಯೆಂಜಾ ಬೊಂಬಾಯಿಗೆ ಬಂದಾಗ ಮೊದಲು ಮಲಗಿದವರಲ್ಲಿ ಬಂದರಿನ ಪೊಲೀಸರಿದ್ದರು. ಆ ಕಾಲದ ವೈದ್ಯರು ರೋಗಿಗಳ ಕಫದಲ್ಲಿ ಬ್ಯಾಕ್ಟೀರಿಯಾವನ್ನು ಹುಡುಕುತ್ತಿದ್ದರು. ಕಾರಣ ವೈರಸ್ ಎಂಬುದು ಖಚಿತವಾದದ್ದು 1933ರಲ್ಲಿ, ಅದೂ ಬಾಯಿ ಮುಕ್ಕಳಿಸಿದ ನೀರಿನಿಂದ. ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ರೋಗಿಗಳ ಗಂಟಲು ತೊಳೆದ ನೀರನ್ನು ಸೋಸಿ, ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯ ಮೂಗಿಗೆ ಬಿಟ್ಟರು. ಫೆರೆಟ್‌ಗಳಿಗೆ ಜ್ವರ ಬಂತು. ಒಂದು ಫೆರೆಟ್ ಸ್ಮಿತ್‌ರ ಮುಖಕ್ಕೇ ಸೀನಿ ಅವರನ್ನೂ ಮಲಗಿಸಿತು. ಅವರಿಂದ ಪಡೆದ ವೈರಸ್ಸಿಗೆ ಅವರದೇ ಹೆಸರಿನ ಮೊದಲಕ್ಷರಗಳು ಬಂದವು.

ಆ ಮೇಲೆ ಮೂಗಿನ ಮಾದರಿಯೇ ರೂಢಿಯಾಯಿತು. ಎಂಜಲಿಗೆ ದೋಷಗಳಿವೆ, ನಿಜ. ಅದು ಅಂಟಂಟು, ಅದರೊಳಗಿನ ಕಿಣ್ವಗಳು ವೈರಸ್ಸಿನ ಆರ್‌ಎನ್‌ಎಯನ್ನು ಒಡೆಯುತ್ತವೆ, ಈಗಷ್ಟೇ ಉಂಡಿದ್ದರೆ ಅನ್ನದ ಅಗುಳೂ ಬರುತ್ತದೆ. ಎಲೆಅಡಿಕೆ ಹಾಕಿದ ಬಾಯಿಯ ಮಾತು ಬೇರೆ ಹೇಳಬೇಕಿಲ್ಲ. ಆದರೂ ಸಾರ್ಸ್ ಬಂದಾಗ ತೈವಾನಿನ ಸಂಶೋಧಕರು ರೋಗಿಗಳ ಎಂಜಲಿನಲ್ಲಿ ವೈರಸ್ ಸಿಗುತ್ತದೆಂದು 2004ರಲ್ಲಿ ಪ್ರಕಟಿಸಿದರು. 2020ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗಿನ ಕೆಲ್ವಿನ್ ಟೋ ತಂಡ ಹೊಸ ಕೊರೋನಾದ 12 ರೋಗಿಗಳ ಎಂಜಲು ಪರೀಕ್ಷಿಸಿ 11ರಲ್ಲಿ ಅದನ್ನು ಕಂಡಿತು. ಅಂದರೆ ಮಲಾಡಿಗೆ ವ್ಯಾನುಗಳು ಹೊರಡುವ ನಾಲ್ಕು ತಿಂಗಳ ಮೊದಲೇ. ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ‘ಸಲೈವಾ ಡೈರೆಕ್ಟ್’ ವಿಧಾನಕ್ಕೆ ತುರ್ತು ಅನುಮತಿ ಸಿಕ್ಕಿತು. ಆರ್‌ಎನ್‌ಎ ಬೇರ್ಪಡಿಸುವ ದುಬಾರಿ ಹಂತವನ್ನೇ ಅದು ಕೈಬಿಟ್ಟಿತ್ತು. ಆ ಸಂಶೋಧನೆಗೆ ಹಣ ಕೊಟ್ಟವರಲ್ಲಿ ಅಲ್ಲಿನ ಬಾಸ್ಕೆಟ್‌ಬಾಲ್ ಲೀಗ್ ಒಂದು. ಆಟ ನಿಲ್ಲಬಾರದಲ್ಲ!

ನಮ್ಮಲ್ಲಿಯೂ ಕೆಲಸ ನಡೆದಿತ್ತು. ದೆಹಲಿಯ ಏಮ್ಸ್‌ನಲ್ಲಿ 50 ರೋಗಿಗಳಿಂದ ಕಡ್ಡಿಯ ಮಾದರಿ, ಮುಕ್ಕಳಿಸಿದ ನೀರು ಎರಡನ್ನೂ ತೆಗೆದು ಹೋಲಿಸಿದರು. ಮುಕ್ಕಳಿಸಿದ ನೀರಿನ ಫಲಿತಾಂಶ ಕಡ್ಡಿಗೆ ಸಮನಾಗಿತ್ತು. ಕಡ್ಡಿಯಿಂದ ಸಾಕಷ್ಟು ಕಷ್ಟವಾಯಿತೆಂದವರು ನೂರಕ್ಕೆ 72 ಮಂದಿ. ಮುಕ್ಕಳಿಸುವಾಗ ಅಲ್ಪಸ್ವಲ್ಪ ಕಿರಿಕಿರಿಯಾಯಿತೆಂದವರು 24. ಇದು 2020ರಲ್ಲೇ ಐಸಿಎಂಆರ್‌ನ ಸ್ವಂತ ಪತ್ರಿಕೆಯಲ್ಲಿ ಅಚ್ಚಾಯಿತು. ಐವತ್ತು ಜನರ ಅಧ್ಯಯನ ಚಿಕ್ಕದು, ಅದರ ಮೇಲೆ ದೇಶದ ಪದ್ಧತಿ ಬದಲಿಸಲಾಗದು ಎಂಬ ವಾದ ಒಪ್ಪತಕ್ಕದ್ದೇ. ದೊಡ್ಡ ಅಧ್ಯಯನವನ್ನು ಕೂಡಲೇ ಕೈಗೆತ್ತಿಕೊಳ್ಳದಿರಲು ಮಾತ್ರ ಅದು ಕಾರಣವಾಗದು.

ಮುಂಬಯಿಯ ಸಂದರ್ಭದಲ್ಲಿ ಇನ್ನೊಂದು ಅಡ್ಡಿಯನ್ನೂ ನೆನೆಯಬೇಕು. ರಸ್ತೆಯಲ್ಲಿ ಉಗುಳಿದರೆ ದಂಡ ಹಾಕುತ್ತಿದ್ದ ಊರು ಅದು. ನಮ್ಮ ಮನೆಗಳಲ್ಲೂ ಎಂಜಲೆಂದರೆ ಮುಟ್ಟಬಾರದ್ದು. ಎಂಜಲೆಲೆ ಎತ್ತುವ ಕೆಲಸವನ್ನು ಯಾರ ಪಾಲಿಗೆ ಬಿಡಲಾಗಿತ್ತು ಎಂಬುದು ಎಲ್ಲರಿಗೂ ಗೊತ್ತು. ಆದರೆ ಪುಟ್ಟ ಡಬ್ಬಿಯೊಳಗೆ ತಾನೇ ಉಗುಳಿ ಮುಚ್ಚಳ ಹಾಕಿ ಕೊಟ್ಟರೆ ಆ ಎಂಜಲನ್ನು ಬೇರೆಯವರು ಮುಟ್ಟುವುದು ಪ್ರಯೋಗಾಲಯದಲ್ಲಿ ಮಾತ್ರ. ಹಾಂಗ್‌ಕಾಂಗಿನಲ್ಲಿ 2020ರ ಡಿಸೆಂಬರ್ ಹೊತ್ತಿಗೆ ಅಂಥ ಡಬ್ಬಿಗಳನ್ನು ಮೆಟ್ರೋ ನಿಲ್ದಾಣದ ಯಂತ್ರಗಳಲ್ಲಿ ಇಟ್ಟಿದ್ದರು.

ಭಾರತದಲ್ಲಿ ಆ ದಿನ ಬಂದದ್ದು 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ. ನಾಗಪುರದ ನೀರಿ ಸಂಸ್ಥೆಯ ಕೃಷ್ಣ ಖೈರ್‌ನಾರ್ ತಂಡ ರೂಪಿಸಿದ ವಿಧಾನವನ್ನು ಐಸಿಎಂಆರ್ ಒಪ್ಪಿತು. ಉಪ್ಪುನೀರನ್ನು 15 ಸೆಕೆಂಡು ಗಂಟಲಲ್ಲಿ ಗಳಗಳಿಸಿ, ಬಾಯಿ ಮುಕ್ಕಳಿಸಿ, ಅದೇ ಕೊಳವೆಗೆ ಉಗುಳಬೇಕು. ಪ್ರಯೋಗಾಲಯದಲ್ಲಿ ಅದಕ್ಕೊಂದು ದ್ರಾವಣ ಬೆರೆಸಿ ಅರ್ಧ ಗಂಟೆ ಇಟ್ಟು, 98 ಡಿಗ್ರಿಯಲ್ಲಿ ಆರು ನಿಮಿಷ ಕಾಯಿಸಿದರೆ ಮಾದರಿ ಆರ್‌ಟಿ-ಪಿಸಿಆರ್‌ಗೆ ಸಿದ್ಧ. ಮೂರು ಗಂಟೆಯಲ್ಲಿ ಫಲಿತಾಂಶ. ಸಣ್ಣ ಉದ್ದಿಮೆಗಳು ತಯಾರಿಸಲೆಂದು ಈ ತಂತ್ರವನ್ನು ಕೇಂದ್ರದ ಎಂಎಸ್‌ಎಂಇ ಸಚಿವಾಲಯಕ್ಕೆ ಕೊಟ್ಟದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಎರಡನೆಯ ಅಲೆ ಇಳಿದಿತ್ತು. ಅದೇ ಮೇ ತಿಂಗಳಲ್ಲಿ ಪುಣೆಯ ಮೈಲ್ಯಾಬ್ ಕಂಪನಿಯ 250 ರೂಪಾಯಿಯ ‘ಕೋವಿಸೆಲ್ಫ್’ ಕಿಟ್ಟಿಗೂ ಐಸಿಎಂಆರ್ ಅನುಮತಿ ಕೊಟ್ಟಿತ್ತು. ಮನೆಯಲ್ಲೇ ಮಾಡಿಕೊಳ್ಳುವ ಆ ಪರೀಕ್ಷೆ ಔಷಧಿ ಅಂಗಡಿಗಳಿಗೆ ಬಂತು. ಅದರೊಳಗಿದ್ದದ್ದು ಮೂಗಿಗೆ ಹಾಕುವ ಕಡ್ಡಿ.