ಬ್ಯಾಕ್ಟೀರಿಯಗಳ ಸಂಕೇತವೂ ಪೇರಲದ ಎಲೆಯೂ

ಚಿಕ್ಕೇರೂರೇ ಮೊದಲಾದ ಹಿರೇಕೆರೂರು ಸೀಮೆಯ ಊರುಗಳಲ್ಲಿ ಪೇರಲವೂ ನೇರಳೆಯೂ ಜನರಿಗೆ ಚಿರಪರಿಚಿತವಾದ ಗಿಡಗಳು. ಇವುಗಳ ಎಲೆಯ ಸಾರವು ಬ್ಯಾಕ್ಟೀರಿಯಗಳನ್ನು ಕೊಲ್ಲದೆಯೇ ಅವುಗಳ ಪರಸ್ಪರ ಸಂಕೇತವನ್ನು ಅಡಗಿಸಬಲ್ಲುದೆಂದು ಮಂಗಳೂರಿನ ಯೇನೆಪೋಯ ವಿಶ್ವವಿದ್ಯಾಲಯದ ಸಂಶೋಧಕರು 2013 ಮತ್ತು 2014ರಲ್ಲಿ ಪ್ರಕಟಿಸಿದರು. ಈ ಮಾತಿನ ಬೆಲೆಯನ್ನು ನಿರ್ಣಯಿಸಬೇಕಾದರೆ ಅದರ ಹಿಂದಣ ವಿಚಾರಪರಂಪರೆಯನ್ನು ಅರಿಯುವುದು ಅವಶ್ಯಕ.

ಬ್ಯಾಕ್ಟೀರಿಯಗಳು ಒಂದನ್ನೊಂದು ಅರಿಯದೆ ಬಾಳುವ ಮೂಕಜೀವಿಗಳೆಂಬ ಭಾವನೆ ಬಹುಕಾಲ ಪ್ರಬಲವಾಗಿದ್ದಿತು. 1965ರಲ್ಲಿ ಅಲೆಕ್ಸಾಂಡರ್ ತೋಮಾಜ್ ಎಂಬವರು ನ್ಯುಮೊಕಾಕಸ್ಸಿನಲ್ಲಿ ಹಾರ್ಮೋನಿನಂತೆ ವರ್ತಿಸುವ ಒಂದು ವಸ್ತುವನ್ನು ಗುರುತಿಸಿದರಾದರೂ, ವಾದವಿವಾದಕ್ಕೆ ಕಣವಾದುದು ಕಡಲಿನಲ್ಲಿ ಬೆಳಕನ್ನು ಬೀರುವ ವಿಬ್ರಿಯೊ ಫಿಶೆರಿ ಎಂಬ ಜೀವಿ. ಇದು ಹೊಸ ಪೋಷಕದ್ರವದಲ್ಲಿ ಶೀಘ್ರವಾಗಿ ವೃದ್ಧಿ ಹೊಂದುತ್ತಿದ್ದರೂ ಮೊದಮೊದಲು ಬೆಳಗುವುದಿಲ್ಲ; ಸಂಖ್ಯೆ ದಟ್ಟವಾದ ಮೇಲೆ ಒಮ್ಮೆಗೇ ಬೆಳಗುತ್ತದೆ. ದ್ರವದಲ್ಲಿರುವ ಪ್ರತಿಬಂಧಕ ವಸ್ತುವನ್ನು ಜೀವಿಗಳು ಮೊದಲು ನಿವಾರಿಸಬೇಕಾಗುವುದೇ ಇದಕ್ಕೆ ಕಾರಣವೆಂದು 1968ರಲ್ಲಿ ಕೆಂಪ್ನರ್ ಮತ್ತು ಹ್ಯಾನ್ಸನ್ ಊಹಿಸಿದರು. ಜೀವಿಗಳೇ ಒಂದು ಪ್ರಚೋದಕವನ್ನು ಹೊರಬಿಡುತ್ತವೆ, ಅದು ಸಾಕಷ್ಟು ಶೇಖರವಾದಾಗ ದೀಪ ಹೊತ್ತುತ್ತದೆ ಎಂದು 1970ರಲ್ಲಿ ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ ಪ್ರತಿಪಾದಿಸಿದರು. ಉಳಿದದ್ದು ಈ ಎರಡನೆಯ ಮತವೇ. ಆದರೂ ಮೊದಲನೆಯದನ್ನು ಅವಿಚಾರವೆಂದು ತಳ್ಳುವುದು ಅನ್ಯಾಯ. 1981ರಲ್ಲಿ ಎಬರ್‌ಹಾರ್ಡ್ ಮತ್ತು ಸಂಗಡಿಗರು ಪ್ರಚೋದಕದ ರಚನೆಯನ್ನು ಕಂಡುಹಿಡಿದರು: ಹೋಮೋಸೆರೀನ್ ಲ್ಯಾಕ್ಟೋನಿಗೆ ಆರು ಇಂಗಾಲದ ಬಾಲವುಳ್ಳ ಸಣ್ಣದೊಂದು ಅಣು! ಗ್ರಾಮಪಂಚಾಯತಿಯ ಸಭೆಗಳಿಂದ ನಮ್ಮ ಜನರಿಗೂ ಪರಿಚಿತವಾಗಿರುವ ‘ಕೋರಂ’ ಎಂಬ ಶಬ್ದವನ್ನು ಈ ವ್ಯಾಪಾರಕ್ಕೆ 1994ರಲ್ಲಿ ಫುಕ್ವಾ, ವೈನನ್ಸ್ ಮತ್ತು ಗ್ರೀನ್‌ಬರ್ಗ್ ಅನ್ವಯಿಸಿದರು.

ಅಣುವನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ ಗ್ರಾಹಿಯೆಂದು ಹೆಸರು. ಅಣು ಕೂಡಿದ ಗ್ರಾಹಿಯು ಡಿಎನ್ಎಯನ್ನು ಹಿಡಿದು ತಕ್ಕ ಜೀನುಗಳನ್ನು ಎಚ್ಚರಿಸುತ್ತದೆ. ಗಿಡಗಳಿಗೆ ಗಂಟುರೋಗ ತರುವ ಅಗ್ರೊಬ್ಯಾಕ್ಟೀರಿಯಮ್ಮಿನ ಗ್ರಾಹಿಯ ಸ್ಫಟಿಕರಚನೆ 2002ರಲ್ಲಿ ತಿಳಿದುಬಂದಿತು. ಅದರಲ್ಲಿ ಅಣುವು ಪ್ರೋಟೀನಿನ ಒಡಲಿನಲ್ಲಿ ಪೂರ್ತಿಯಾಗಿ ಹುದುಗಿತ್ತು. ಹಾಗಾದರೆ ಅದೇ ಆಕಾರದ ಕೃತಕ ಅಣುವೊಂದು ಆ ಸ್ಥಾನವನ್ನು ಆಕ್ರಮಿಸಿದರೆ ಏನಾದೀತು? ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಮ್ಮಿನ ಗ್ರಾಹಿಯನ್ನು ಕುರಿತು 2011ರಲ್ಲಿ ಪ್ರಕಟವಾದ ಶೋಧನೆ ಇದಕ್ಕೆ ಉತ್ತರ ಕೊಟ್ಟಿತು. ಡಿಎನ್ಎಯನ್ನು ಹಿಡಿಯಲು ಗ್ರಾಹಿಯ ಎರಡು ಕೈಗಳು ಸುಮಾರು 30 ಆಂಗ್‌ಸ್ಟ್ರಾಂ ಅಂತರದಲ್ಲಿರಬೇಕು. ಕೃತಕ ಅಣುವು ಒಳಹೊಕ್ಕಾಗ ಅವು 60ಕ್ಕೂ ಮಿಕ್ಕು ದೂರ ಸರಿದಿದ್ದವು.

ಮಂಗಳೂರಿನ ಪ್ರಯೋಗವೂ ಇದೇ ಜೀವಿಯ ಮೇಲೆ ನಡೆಯಿತು. ಕೋರಂ ಕೂಡಿದಾಗ ಇದು ನೇರಳೆ ಬಣ್ಣವನ್ನು ತಳೆಯುತ್ತದೆ. ಆ ಬಣ್ಣವನ್ನು ಕುಂದಿಸಿದ ಎಲೆಗಳಲ್ಲಿ ನೇರಳೆಯದೂ ಒಂದೆಂಬುದು ವಿನೋದ. ಪೇರಲದ ಎಲೆಯಲ್ಲಿ ಈ ಕಾರ್ಯವನ್ನೆಸಗುವ ವಸ್ತುಗಳಲ್ಲಿ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಸೇರಿರುವುದಾಗಿ ಗೊತ್ತಾಯಿತು. ಆದರೆ ಬಣ್ಣ ಕುಂದಿದ ಮಾತ್ರಕ್ಕೆ ಅಣುವು ಗ್ರಾಹಿಯ ಗರ್ಭವನ್ನೇ ಹೊಕ್ಕಿತೆಂದು ಸಿದ್ಧವಾಗುವುದಿಲ್ಲ. ಫ್ಲೇವನಾಯ್ಡುಗಳು ಪ್ರಚೋದಕದೊಡನೆ ಸ್ಥಾನಕ್ಕಾಗಿ ಸೆಣಸುವುದಿಲ್ಲ, ಬೇರೊಂದೆಡೆ ತಗುಲಿ ಗ್ರಾಹಿಯು ಡಿಎನ್ಎಯನ್ನು ಹಿಡಿಯದಂತೆ ಮಾಡುತ್ತವೆ ಎಂದು 2017ರಲ್ಲಿ ಪ್ರಿನ್ಸ್‌ಟನ್ನಿನ ವಿದ್ವಾಂಸರು ತೋರಿಸಿದರು. ಅದು ಸ್ಯೂಡೊಮೊನಾಸ್ ಎಂಬ ಬೇರೊಂದು ಜೀವಿಯ ಗ್ರಾಹಿಗಳನ್ನು ಕುರಿತ ಮಾತು. ಅದನ್ನು ನೇರಳೆ ಬಣ್ಣದ ಜೀವಿಗೆ ಹಾಗೆಯೇ ಆರೋಪಿಸುವುದಾಗಲಿ, ಗಾಜಿನ ತಟ್ಟೆಯ ಫಲಿತಾಂಶವನ್ನು ನಂಬಿ ಪೇರಲದೆಲೆಯ ಕಷಾಯವನ್ನು ರೋಗಿಗೆ ವಿಧಿಸುವುದಾಗಲಿ ಯುಕ್ತವಲ್ಲ.