ವಿಚ್ ಹೇಜಲ್: ಸೀಸೆಗೆ ಬಾರದ ಒಗರು

ಮರಗಳೆಲ್ಲ ಎಲೆ ಉದುರಿಸಿ ಚಳಿಗಾಲಕ್ಕೆ ಅಣಿಯಾಗುವಾಗ ಹೂ ಬಿಡುವ ಪೊದೆಯೊಂದು ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿದೆ. ಅದೇ ವಿಚ್ ಹೇಜಲ್. ಸಸ್ಯಶಾಸ್ತ್ರೀಯ ಹೆಸರು ಹ್ಯಾಮಮೆಲಿಸ್ ವರ್ಜಿನಿಯಾನ. ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಅದರ ಬರಿಗೊಂಬೆಗಳ ಮೇಲೆ ರಿಬ್ಬನ್ ಚೂರುಗಳಂತಹ ನಾಲ್ಕು ಹಳದಿ ದಳಗಳುಳ್ಳ ಹೂಗಳು ಅರಳುತ್ತವೆ. ಹಿಂದಿನ ವರ್ಷದ ಹೂಗಳಿಂದಾದ ಕಾಯಿಗಳೂ ಸುಮಾರು ಅದೇ ವೇಳೆಗೆ ಒಣಗಿ ಸಿಡಿದು, ಬೀಜಗಳನ್ನು ಹಲವು ಮೀಟರ್ ದೂರಕ್ಕೆ ಎಸೆಯುತ್ತವೆ. ಹೆಸರಿನಲ್ಲಿರುವ ‘ವಿಚ್’ ಮಾಟಗಾತಿಯಲ್ಲ. ‘ಬಾಗುವ’ ಎಂಬರ್ಥದ ಹಳೆಯ ಇಂಗ್ಲಿಷ್ ಪದ ಅದರ ಮೂಲ.

ಅಲ್ಲಿನ ಮೂಲನಿವಾಸಿಗಳು ಈ ಗಿಡದ ತೊಗಟೆ, ಕೊಂಬೆಗಳನ್ನು ನೀರಿನಲ್ಲಿ ಕುದಿಸಿ, ಆ ಕಷಾಯವನ್ನು ಊತಕ್ಕೂ ಚರ್ಮದ ಉರಿಗೂ ಹಚ್ಚುತ್ತಿದ್ದರು. ಇದರ ಗುಣಕ್ಕೆ ಮುಖ್ಯ ಕಾರಣ ಟ್ಯಾನಿನ್. ಅಡಿಕೆಯನ್ನೋ ಎಳೆಯ ಬಾಳೆಕಾಯಿಯನ್ನೋ ಅಗಿದಾಗ ಬಾಯಿ ಒಗರಾಗುವುದನ್ನು ನೀವು ಬಲ್ಲಿರಿ. ಟ್ಯಾನಿನ್ ಅಣುಗಳು ಪ್ರೋಟೀನುಗಳೊಡನೆ ಬಂಧ ಬೆಳೆಸುವುದೇ ಇದಕ್ಕೆ ಕಾರಣ. ಚರ್ಮದ ಮೇಲೂ ಹೀಗೆಯೇ ಆಗಿ ಮೇಲ್ಪದರ ಬಿಗಿಯಾಗುತ್ತದೆ.

1840ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾ ಪಟ್ಟಣದ ತೆರಾನ್ ಪಾಂಡ್ ಎಂಬವರು ಈ ಗಿಡದ ಸಾರವನ್ನು ಮಾರಾಟಕ್ಕೆ ತಂದರು. ಅದರ ಗುಣವನ್ನು ಅವರು ತಿಳಿದದ್ದು ಒನೈಡಾ ಜನರಿಂದ ಎನ್ನಲಾಗಿದೆ. ನಮ್ಮ ಮನೆಗಳಿಗೂ ಬಂದ ‘ಪಾಂಡ್ಸ್’ ಕ್ರೀಮಿನ ಹೆಸರಿನ ಮೂಲ ಇವರೇ. 1866ರಲ್ಲಿ ಥಾಮಸ್ ಡಿಕಿನ್ಸನ್ ಕನೆಕ್ಟಿಕಟ್ ರಾಜ್ಯದ ಎಸೆಕ್ಸ್‌ನಲ್ಲಿ ವಿಚ್ ಹೇಜಲ್ ಭಟ್ಟಿಯನ್ನು ಆರಂಭಿಸಿದರು. ಕೊಂಬೆಗಳ ಮೂಲಕ ಹಬೆ ಹಾಯಿಸಿ, ತಣಿಸಿ ಪಡೆದ ತಿಳಿದ್ರವಕ್ಕೆ, ಅದು ಕೆಡದಂತೆ ಆಲ್ಕೊಹಾಲ್ ಸೇರಿಸುವುದು ರೂಢಿಯಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಬೆಯೊಡನೆ ಹೋಗುವುದು ಸುಲಭವಾಗಿ ಆವಿಯಾಗುವ ಅಣುಗಳು ಮಾತ್ರ. ಟ್ಯಾನಿನ್ ಅಣುಗಳು ದೊಡ್ಡವು. ಆವಿಯಾಗದೆ ಪಾತ್ರೆಯಲ್ಲೇ ಉಳಿಯುತ್ತವೆ. ಎಂದರೆ, ಕಷಾಯದಲ್ಲಿದ್ದ ಒಗರು ಸೀಸೆಗೆ ಬರಲೇ ಇಲ್ಲ! ಹೆಸರು ಮಾತ್ರ ಬಂದಿತು.

ಹಾಗಾದರೆ ಸೀಸೆಯ ದ್ರವ ತಂಪೆನಿಸುವುದೇಕೆ? ಅದರಲ್ಲಿ ಸುಮಾರು ಶೇ. 14ರಷ್ಟು ಆಲ್ಕೊಹಾಲ್ ಇದೆ. ಅದು ಆವಿಯಾಗುವಾಗ ಬೇಕಾಗುವ ಗುಪ್ತೋಷ್ಣವನ್ನು ಚರ್ಮದಿಂದಲೇ ಹೀರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1993ರಲ್ಲಿ ಈ ದ್ರವವನ್ನು ಚರ್ಮ ಬಿಗಿಸುವ ಲೇಪಗಳ ಪಟ್ಟಿಗೆ ಸೇರಿಸಿತು. ಆದರೆ 1995ರಲ್ಲಿ ಪ್ರಕಟವಾದ, 72 ಇಸುಬು ರೋಗಿಗಳ ಮೇಲಿನ ಜರ್ಮನಿಯ ಪರೀಕ್ಷೆಯಲ್ಲಿ ಭಟ್ಟಿ ಇಳಿಸಿದ ದ್ರವ ಬೆರೆಸಿದ ಕ್ರೀಮು, ಔಷಧವಿಲ್ಲದ ಬರಿಯ ಕ್ರೀಮಿಗಿಂತ ಹೆಚ್ಚು ಗುಣ ತೋರಲಿಲ್ಲ. ಹೈಡ್ರೊಕಾರ್ಟಿಸೋನ್ ಕ್ರೀಮು ಎರಡಕ್ಕಿಂತಲೂ ಮೇಲೆನಿಸಿತು.

ಶಿಕ್ಷಕರು ಇದರ ತಿರುಳನ್ನು ತರಗತಿಯಲ್ಲೇ ತೋರಿಸಬಹುದು. ಹಾಲು, ಸಕ್ಕರೆ ಹಾಕದ ಚಹಾದ ಡಿಕಾಕ್ಷನ್ನಿನಲ್ಲಿ ಅರ್ಧವನ್ನು ಭಟ್ಟಿ ಇಳಿಸಿ. ಉಳಿದರ್ಧಕ್ಕೂ ಇಳಿದ ತಿಳಿನೀರಿಗೂ ಫೆರಿಕ್ ಕ್ಲೋರೈಡ್ ದ್ರಾವಣದ ಕೆಲವು ಹನಿ ಹಾಕಿ. ಡಿಕಾಕ್ಷನ್ ಕಪ್ಪಾಗುತ್ತದೆ, ತಿಳಿನೀರು ಕಪ್ಪಾಗದು. ಚಹಾದ ವಾಸನೆ ಮಾತ್ರ ಎರಡರಲ್ಲೂ ಇರುತ್ತದೆ.

ಗಿಡಮೂಲಿಕೆಯ ಗುಣವನ್ನು ಹೊಗಳುವಾಗ ‘ಯಾವ ಗಿಡ?’ ಎಂದು ಕೇಳಿದರೆ ಸಾಲದು. ‘ಹೇಗೆ ತೆಗೆದದ್ದು?’ ಎಂದೂ ಕೇಳಬೇಕು. ಮೂಲನಿವಾಸಿಗಳ ಅನುಭವ ಕಷಾಯದ್ದು. ಅದನ್ನು ಸೀಸೆಯ ದ್ರವಕ್ಕೆ ಆರೋಪಿಸಿದರೆ ಅವರಿಗೂ ನ್ಯಾಯವಾಗದು, ವಿಜ್ಞಾನಕ್ಕೂ ನ್ಯಾಯವಾಗದು.